ಜಮಖಂಡಿಯಲ್ಲಿ ಶಾರ್ಕ್ ಆಗಿದ್ದ ಗಿಟಾರ್ ಮೀನು

ಪ್ರಾಣಿಶಾಸ್ತ್ರ ಕಲಿಸಲು ಹೊಸದಾಗಿ ಸೇರುವವರಿಗೆ ಈಗ ತರಬೇತಿ ಕೊಡುತ್ತಾರಂತೆ. ಹಾಜರಿ ಹೇಗೆ ತೆಗೆದುಕೊಳ್ಳಬೇಕು, ವರದಿ ಹೇಗೆ ತುಂಬಬೇಕು, ಪರದೆಯ ಮೇಲೆ ಚಿತ್ರ ಹೇಗೆ ಮೂಡಿಸಬೇಕು, ಎಲ್ಲವನ್ನೂ ಹೇಳಿಕೊಡುತ್ತಾರೆ. ಮೀನನ್ನು ಒಮ್ಮೆ ತಿರುಗಿಸಿ ನೋಡಿ ಎಂದು ಮಾತ್ರ ಯಾರೂ ಹೇಳುವುದಿಲ್ಲ. ನನಗೂ ಹೇಳಿರಲಿಲ್ಲ. ಅದನ್ನು ಕಲಿಯಲು ನನಗೆ ಹದಿನಾಲ್ಕು ವರ್ಷ ಹಿಡಿಯಿತು. ಆ ಹದಿನಾಲ್ಕು ವರ್ಷವೂ ನನಗೆ ಪೂರ್ತಿ ಸಂಬಳ ಬಂತು.

ನನ್ನ ಬಡ್ತಿಗಳ ಕಥೆ ಬಿಡಿ. ಬರಬೇಕಾದವು ತಡವಾಗಿ ಬಂದವು, ಬರಬಾರದವೂ ಒಂದೆರಡು ಬಂದವು. ಆದರೆ ಈ ಕೆಲಸ ನಿಜವಾಗಿ ಹೇಗಿತ್ತು ಎಂದು ಕೇಳಿದರೆ ನಾನು ಒಂದು ಮೀನಿನ ಕಥೆ ಹೇಳಬೇಕು.

ನಾನು ಸಾವಳಗಿಯವನು. ಮೊಟ್ಟೆಯೂ ಒಳಗೆ ಬಾರದ ಮನೆ. ಜಮಖಂಡಿಯ ಕಾಲೇಜಿನಲ್ಲಿ ಕೆಲಸ ಸಿಕ್ಕಾಗ ಅವ್ವ ಬಹಳ ಹಿಗ್ಗಿದಳು. ಏನು ಕಲಿಸುತ್ತೀ ಎಂದು ಕೇಳಿದಳು, ನಾನು ನಿಜ ಹೇಳಿದೆ.

"ಮೀನಾ?" ಎಂದಳು. "ಪಗಾರ ಕೊಡತಾರಂದ್ರ ಕಲಸಪಾ. ಒಳಗ ಬರೂಮುಂದ ಕೈ ತೊಳಕೊಂಡು ಬಾ."

ಹೀಗೆ ಸಮುದ್ರವನ್ನೇ ನೋಡದ ನಾನು, ಸಮುದ್ರವನ್ನೇ ನೋಡದ ಮಕ್ಕಳಿಗೆ, ಸಮುದ್ರದ ಮೀನು ಕಲಿಸತೊಡಗಿದೆ. ಮುಧೋಳ, ಬೀಳಗಿ, ಬನಹಟ್ಟಿಗಳಿಂದ ಬಸ್ಸಿನಲ್ಲಿ ಬರುವ ಮಕ್ಕಳು. ಕೃಷ್ಣೆಯಲ್ಲಿ, ಘಟಪ್ರಭೆಯಲ್ಲಿ ಸಿಗುವ ಮೀನು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದ್ದರಿಂದ ಅದು ಪಠ್ಯದಲ್ಲಿ ಇರಲಿಲ್ಲ.

ನಮ್ಮ ವಿಭಾಗದ ಮುಖ್ಯಸ್ಥರು ನಾಡಗೌಡ ಸರ್. ಇಸ್ತ್ರಿ ಮುರಿಯದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಪ್ರಯೋಗಾಲಯದ ಪಕ್ಕದ ಕೋಣೆಯಲ್ಲಿ ಫಾರ್ಮಾಲಿನ್ ತುಂಬಿದ ಗಾಜಿನ ಬರಣಿಗಳು ಸಾಲಾಗಿ ನಿಂತಿದ್ದವು. ಹದಿನೇಳನೆಯ ಬರಣಿಯಲ್ಲಿ ಮೊಳದುದ್ದದ ಒಂದು ಮೀನು. ಅದರ ಮೇಲೆ ನಾಡಗೌಡ ಸರ್ ಅವರ ಮುತ್ತಿನಂಥ ಅಕ್ಷರದಲ್ಲಿ 'ನಾಯಿಮೀನು. ಶಾರ್ಕ್' ಎಂದು ಬರೆದ ಚೀಟಿ.

ಅದು ಬಂದ ಕಥೆಯನ್ನು ಪ್ರಯೋಗಾಲಯದ ಅಟೆಂಡರ್ ಹಸನಸಾಬ ನನಗೆ ಬಹಳ ವರ್ಷಗಳ ಮೇಲೆ ಹೇಳಿದ. ಕಾಲೇಜಿನವರು ನಾಯಿಮೀನು ಬೇಕೆಂದು ಬರೆದಿದ್ದರು. ನಾಯಿಮೀನು ಎಂದರೆ ಒಂದು ಸಣ್ಣ ಶಾರ್ಕ್. ಆಗಿನ ಎಲ್ಲ ಪಠ್ಯಪುಸ್ತಕಗಳ ಮೀನು ಅದೇ. ನಮೂನೆ ಕಳಿಸುವ ಅಂಗಡಿಯವನ ಹತ್ತಿರ ಅದು ತೀರಿಹೋಗಿತ್ತು. ಇದ್ದದ್ದನ್ನು ಕಳಿಸಿದ, ಪಟ್ಟಿಯಲ್ಲಿ ಮಾತ್ರ ನಾಯಿಮೀನು ಎಂದೇ ಬರೆದ. ನಾಡಗೌಡ ಸರ್ ಪಟ್ಟಿ ನೋಡಿದರು, ಟಿಕ್ ಹಾಕಿದರು, ಚೀಟಿ ಬರೆದರು. ಮೀನನ್ನು ನೋಡಬೇಕಾದ ಪ್ರಸಂಗವೇ ಬರಲಿಲ್ಲ.

ನನಗೂ ಬರಲಿಲ್ಲ. ಬರಣಿ ಬಹಳ ಕಿರಿದು. ಒಳಗಿನ ಮೀನಿನ ಅಗಲವಾದ ಪಕ್ಕದ ರೆಕ್ಕೆಗಳು ಕಂಬಳಿ ಹೊದ್ದವರ ಹಾಗೆ ಹೊಟ್ಟೆಯ ಕಡೆಗೆ ಮಡಚಿ ಹಾಗೇ ಗಟ್ಟಿಯಾಗಿದ್ದವು. ಬೆನ್ನು ನಮ್ಮ ಕಡೆ, ಹೊಟ್ಟೆ ಗೋಡೆಯ ಕಡೆ. ಬಾಲವಂತೂ ಥೇಟ್ ಶಾರ್ಕಿನದೇ. ಮೇಲೆ ಮುಖ್ಯಸ್ಥರ ಅಕ್ಷರ. ಇನ್ನೇನು ಬೇಕು?

ಪ್ರತಿವರ್ಷ ಮುಧೋಳದ ಯಾರಾದರೂ ಒಬ್ಬ ಕೇಳಿಯೇ ಕೇಳುತ್ತಿದ್ದ: "ಸರ, ನಾಯಿಮೀನ ಅಂದ್ರ ನಮ್ಮ ಊರ ನಾಯಿ ಜಾತಿದೇನ್ರಿ?"

"ಹೌದಪಾ. ಅದು ಓಡತೈತಿ, ಇದು ಈಸತೈತಿ. ನೀ ಎರಡೂ ಮಾಡಂಗಿಲ್ಲ, ಕುಂದ್ರು," ಎನ್ನುತ್ತಿದ್ದೆ. ತರಗತಿ ನಗುತ್ತಿತ್ತು. ನಾನು ಒಳ್ಳೆಯ ಮೇಷ್ಟ್ರು ಎಂಬ ಹೆಸರು ಬಂದದ್ದು ಇಂಥದ್ದರಿಂದಲೇ.

ನನ್ನ ಐದನೆಯ ವರ್ಷದಲ್ಲಿ ಕಸ್ತೂರಿ ಎಂಬ ಹುಡುಗಿ ಅಂತಿಮ ವರ್ಷಕ್ಕೆ ಬಂದಳು. ಬನಹಟ್ಟಿಯ ನೇಕಾರರ ಮನೆಯವಳು. ಬೆಳಿಗ್ಗೆ ಮನೆಯಲ್ಲಿ ಮಗ್ಗದ ಕಂಡಿಕೆಗೆ ನೂಲು ಸುತ್ತಿ, ಬಸ್ಸು ಹಿಡಿದು ಕಾಲೇಜಿಗೆ ಬರುತ್ತಿದ್ದಳು. ನೂಲಿನ ಎಳೆ ತಪ್ಪಿದರೆ ಗೊತ್ತಾಗುವ ಕಣ್ಣು. ಧಾರವಾಡಕ್ಕೆ ಹೋಗಿ ಎಂ.ಎಸ್ಸಿ. ಮಾಡಬೇಕು ಎಂಬುದು ಅವಳ ಆಸೆ, ಮನೆಯವರೂ ಒಪ್ಪಿದ್ದರು. ಒಂದು ದಿನ ಚಿತ್ರ ಬರೆಯುವ ಹೊತ್ತಿನಲ್ಲಿ ಅವಳು ಹದಿನೇಳನೆಯ ಬರಣಿಯನ್ನು ಮೇಜಿನ ಮೇಲೆ ತಿರುಗಿಸಿ ಇಟ್ಟುಕೊಂಡಿದ್ದಳು.

"ಸರ, ಶಾರ್ಕಿನ ಕಿವಿರು ಸೀಳು ಕುತ್ತಿಗಿ ಬಾಜೂಕ ಇರತಾವ ಅಂತ ನೀವ ಹೇಳೀರಿ," ಎಂದಳು. "ಇದರವು ಹೊಟ್ಟಿ ಕಡೆ, ರೆಕ್ಕಿ ಸಂದ್ಯಾಗ ಅದಾವಲ್ರಿ?"

ನಾನು ಎದ್ದು ಹೋಗಿ ನೋಡಬಹುದಿತ್ತು. ಎಂಟು ಹೆಜ್ಜೆ. ಬದಲಿಗೆ ಕುರ್ಚಿಯಲ್ಲೇ ಕುಳಿತು ಹೇಳಿದೆ: "ಹಂಗಾದ್ರ ಸಮುದ್ರಕ್ಕ ಹೋಗಿ ಅದರ ಅವ್ವ ಅಪ್ಪನ್ನ ಕೇಳ್ಕೊಂಡು ಬಾರವಾ. ಅಲ್ಲೀತನಾ ಚೀಟಿ ನೋಡಿ ಬರಿ."

ಎಲ್ಲರೂ ನಕ್ಕರು. ಅವಳು ಬರಣಿಯನ್ನು ಮೊದಲಿನಂತೆ ತಿರುಗಿಸಿಟ್ಟಳು.

ಇಲ್ಲಿ ಸ್ವಲ್ಪ ಪಾಠ ಮಾಡುತ್ತೇನೆ. ನಿವೃತ್ತನಾದರೂ ಚಟ ಹೋಗಿಲ್ಲ. ಶಾರ್ಕಿಗೂ ತೊರಕೆಗೂ ಎಲುಬಿಲ್ಲ, ಮೆತ್ತನೆಯ ಮೃದ್ವಸ್ಥಿ ಮಾತ್ರ. ತೊರಕೆ ಎಂದರೆ ತಟ್ಟೆಯಂತೆ ಚಪ್ಪಟೆಯಾಗಿ ಮರಳಿನ ಮೇಲೆ ಮಲಗುವ ಮೀನುಗಳ ಬಳಗ. ಇವೆರಡನ್ನು ಮೈಯ ಆಕಾರದಿಂದ ಬೇರೆ ಮಾಡಲು ಹೋದರೆ ಮೋಸ ಹೋಗುತ್ತೀರಿ. ಕಿವಿರಿನ ಸೀಳು ನೋಡಬೇಕು. ಕುತ್ತಿಗೆಯ ಪಕ್ಕದಲ್ಲಿದ್ದರೆ ಶಾರ್ಕ್, ಕೆಳಗಿದ್ದರೆ ತೊರಕೆ. ತೊರಕೆಯ ಎದೆಯ ರೆಕ್ಕೆಗಳು ಮುಂದಕ್ಕೆ ಬೆಳೆದು ತಲೆಗೇ ಅಂಟಿಕೊಂಡಿರುತ್ತವೆ. ಹಾಗಾಗಿ ಸೀಳುಗಳು ಕೆಳಗೆ ಉಳಿಯುತ್ತವೆ. ಮಲಗಿದಾಗ ಬಾಯಿಯೂ ಸೀಳುಗಳೂ ಮರಳಿನ ಕಡೆ. ಅದಕ್ಕೇ ಕಣ್ಣಿನ ಹಿಂದೆ ಎರಡು ತೂತುಗಳಿವೆ, ಶುದ್ಧ ನೀರನ್ನು ಮೇಲಿನಿಂದಲೇ ಎಳೆದುಕೊಳ್ಳಲು. ಗಿಟಾರ್ ಮೀನು ಮುಂದಿನ ಅರ್ಧ ತೊರಕೆ, ಹಿಂದಿನ ಅರ್ಧ ಶಾರ್ಕ್ ಎಂಬಂತೆ ಕಾಣುತ್ತದೆ. ಈಜುವುದೂ ಶಾರ್ಕಿನ ಹಾಗೆ ಬಾಲ ಬೀಸಿ. ಆದರೆ ಸೀಳು ಕೆಳಗೆ. ಆದ್ದರಿಂದ ಅದು ತೊರಕೆಗಳ ಪೈಕಿ. ಮೂತಿಗೆ ಗರಗಸ ಕಟ್ಟಿಕೊಂಡ ಮೀನುಗಳಲ್ಲೂ ಇದೇ ಲೆಕ್ಕ: ಒಂದು ಬಗೆ ಶಾರ್ಕ್, ಇನ್ನೊಂದು ತೊರಕೆ, ಗರಗಸ ನೋಡಿ ಹೇಳಲಾಗದು, ಕೆಳಗೆ ಬಗ್ಗಿ ನೋಡಬೇಕು. ಬಗ್ಗುವುದು ನಮ್ಮ ವೃತ್ತಿಯಲ್ಲಿ ಸಾಹೇಬರ ಮುಂದೆ ಮಾತ್ರ ರೂಢಿ.

ಆ ವರ್ಷದ ಪ್ರಾಯೋಗಿಕ ಪರೀಕ್ಷೆಯಲ್ಲಿ ಹದಿನೇಳನೆಯ ಬರಣಿಯನ್ನು, ಚೀಟಿಯ ಮೇಲೆ ಕಾಗದ ಮುಚ್ಚಿ, ಗುರುತಿಸಲು ಇಟ್ಟಿದ್ದೆವು. ಮೇಜಿನ ಸುತ್ತ ನಮೂನೆಗಳು. ಗಂಟೆ ಬಾರಿಸಿದಾಗ ಒಂದರಿಂದ ಇನ್ನೊಂದಕ್ಕೆ ಹೋಗುತ್ತ ಹೆಸರು, ಗುಂಪು, ಕಾರಣ ಬರೆಯಬೇಕು. ಎಲ್ಲರೂ 'ಶಾರ್ಕ್' ಎಂದು ಬರೆದು ಸುಖವಾಗಿ ಮುಂದೆ ಹೋದರು. ಕಸ್ತೂರಿ ಬರೆದದ್ದು ಇಷ್ಟು: 'ಇದು ಶಾರ್ಕ್ ಅಲ್ಲ. ಐದು ಜೊತೆ ಸೀಳುಗಳು ಕೆಳಭಾಗದಲ್ಲಿವೆ. ಇದು ತೊರಕೆಗಳ ಗುಂಪಿನದು, ಗಿಟಾರ್ ಮೀನು ಇರಬಹುದು.'

ಹೊರಗಿನಿಂದ ಬಂದ ಪರೀಕ್ಷಕರು ನಗುತ್ತ ಅದನ್ನು ನಾಡಗೌಡ ಸರ್‌ಗೆ ತೋರಿಸಿದರು. ನಾಡಗೌಡ ಸರ್ ನಗಲಿಲ್ಲ. ಮೌಖಿಕ ಪರೀಕ್ಷೆಗೆ ಅವಳು ಬಂದು ನಿಂತಾಗ ಕೇಳಿದರು: "ಜಾರ್ ಮುಟ್ಟೀಯೇನು?"

"ಇವತ್ತ ಮುಟ್ಟಿಲ್ರಿ ಸರ. ಚಿತ್ರಾ ತಗಿಯೂಮುಂದ ತಿರುಗಿಸಿ ನೋಡಿದ್ದೆ."

"ಈ ಚೀಟಿ ಯಾರು ಬರದಾರ ಗೊತ್ತೈತೇನು?"

"ನೀವರಿ."

"ಈಗ ಹೇಳು. ಏನಿದು?"

ಅವಳು ನನ್ನ ಕಡೆ ನೋಡಿದಳು. ನಾನು ಅಂಕಪಟ್ಟಿಯಲ್ಲಿ ಗೆರೆ ಎಳೆಯುವ ಮಹತ್ವದ ಕೆಲಸದಲ್ಲಿದ್ದೆ.

"ತೊರಕಿ ಜಾತಿದರಿ ಸರ," ಎಂದಳು.

ಆಮೇಲೆ ನಾಡಗೌಡ ಸರ್, ಹೊರಗಿನ ಪರೀಕ್ಷಕರು ಇಬ್ಬರೂ ಕೇಳಿದ ಪ್ರಶ್ನೆಗಳಿಗೆ ನನಗೂ ಉತ್ತರ ಗೊತ್ತಿರಲಿಲ್ಲ. ಮೌಖಿಕ ಪರೀಕ್ಷೆಯಲ್ಲಿ ಅವಳಿಗೆ ಬಿದ್ದದ್ದು ಸೊನ್ನೆ. ಆ ಸೊನ್ನೆಯನ್ನು ದುಂಡಗೆ ಬರೆದವನು ನಾನು. ಅವಳು ಪ್ರಾಯೋಗಿಕದಲ್ಲಿ ನಪಾಸಾದಳು, ಒಂದು ವರ್ಷ ಹೋಯಿತು.

ಮರುವರ್ಷ ಬಂದಳು. ಅದೇ ಮೇಜು, ಅದೇ ಬರಣಿ. ಈ ಸಲ 'ಶಾರ್ಕ್' ಎಂದು ಬರೆದಳು. 'ಸೀಳುಗಳು ಪಕ್ಕದಲ್ಲಿವೆ' ಎಂದು ಕಾರಣವನ್ನೂ ಬರೆದಳು. ನಾನು ಪೂರ್ತಿ ಅಂಕ ಕೊಟ್ಟೆ. ನಾಡಗೌಡ ಸರ್ ಖುಷಿಯಾಗಿ ನನಗೆ, "ನೋಡ್ರಿ ಬಿರಾದಾರ, ಒಂದ ವರ್ಷದಾಗ ಎಷ್ಟು ಸುಧಾರಿಸ್ಯಾಳ," ಎಂದರು. ಧಾರವಾಡಕ್ಕೆ ಮಾತ್ರ ಅವಳು ಹೋಗಲಿಲ್ಲ. ಆ ಒಂದು ವರ್ಷದಲ್ಲಿ ಅವಳ ಅಪ್ಪನ ಮನಸ್ಸು ತಿರುಗಿತ್ತು ಎಂದು ಹಸನಸಾಬ ಹೇಳಿದ. ನಾನು "ಹೌದಾ" ಎಂದೆ.

ನನ್ನ ಹದಿನಾಲ್ಕನೆಯ ವರ್ಷದಲ್ಲಿ ವಿದ್ಯಾರ್ಥಿಗಳನ್ನು ಮಲ್ಪೆಯ ಬಂದರಿಗೆ ಪ್ರವಾಸ ಕರೆದುಕೊಂಡು ಹೋಗುವ ಸರದಿ ನನಗೆ ಬಂತು. ದೋಣಿಗಳಿಂದ ಮೀನು ಇಳಿಯುತ್ತಿತ್ತು. ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ನಾನು ಸಮುದ್ರದ ಜೀವವೈವಿಧ್ಯದ ಬಗ್ಗೆ ಮಾತಾಡುತ್ತಿದ್ದೆ. ಅಲ್ಲಿ ಗಿರಿಜಕ್ಕ ಎಂಬ ಮಧ್ಯವಯಸ್ಸಿನ ಮೀನು ಮಾರುವ ಹೆಂಗಸು ಕತ್ತಿ ಹಿಡಿದು ಕುಳಿತಿದ್ದಳು. ಅವಳ ಮುಂದೆ ಬಿದ್ದಿದ್ದ ಮೀನನ್ನು ಕಂಡು ನನಗೆ ಬಂಧುವನ್ನು ಕಂಡಷ್ಟು ಸಂತೋಷವಾಯಿತು. ಅದೇ ಬಾಲ, ಅದೇ ಬೆನ್ನು.

"ನೋಡ್ರಿ, ನಾವು ಓದಿದ ನಾಯಿಮೀನು. ಶಾರ್ಕ್," ಎಂದು ಮಕ್ಕಳಿಗೆ ತೋರಿಸಿದೆ.

ಗಿರಿಜಕ್ಕ ತಲೆಯೆತ್ತಿದಳು. "ಎಂತ ಶಾರ್ಕ್ ಮಾರಾಯ್ರೆ? ಇದು ತೊರಕೆಯ ಜಾತಿ ಅಲ್ವಾ?" ಎಂದು ಮೀನಿನ ಬಾಲ ಹಿಡಿದು ಫಟ್ಟನೆ ಮಗುಚಿ ಹಾಕಿದಳು. ಬಿಳಿ ಹೊಟ್ಟೆ. ಬಾಯಿಯ ಹಿಂದೆ ಎರಡೂ ಕಡೆ ಐದೈದು ಸೀಳು, ಹೊಲಿಗೆ ಬಿಚ್ಚಿದ ಹಾಗೆ. "ಕಿವಿರು ಅಡಿಗೆ ಉಂಟಲ್ಲ. ನೀವು ಇದನ್ನೇ ಕಲಿಸುವುದಾ?"

ಇಪ್ಪತ್ತೆರಡು ವಿದ್ಯಾರ್ಥಿಗಳು ನನ್ನನ್ನೇ ನೋಡುತ್ತಿದ್ದರು. ಕರವಸ್ತ್ರ ಮೂಗಿನಿಂದ ಕೆಳಗೆ ಬಂತು.

ಅವಳು ಹೊಟ್ಟೆ ಸೀಳಿದಳು. ಒಳಗೆ ಮರಿಗಳು. ಮೊಟ್ಟೆಯಲ್ಲ, ಪೂರ್ತಿ ಮೂತಿ ಮೂಡಿದ ಪುಟ್ಟ ಗಿಟಾರ್‌ಗಳು. ಒಂದೊಂದರ ಹೊಟ್ಟೆಗೂ ಹಳದಿ ಬುತ್ತಿಯ ಚೀಲ ಅಂಟಿಕೊಂಡಿತ್ತು. ತಾಯಿಯ ಒಳಗೇ ಮೊಟ್ಟೆಯೊಡೆದು, ತಮ್ಮ ಬುತ್ತಿ ತಾವೇ ಉಂಡು, ಮರಿಯಾಗಿಯೇ ಹೊರಬರುವ ಜಾತಿ ಇದು. ಗಿರಿಜಕ್ಕ ಮರಿಗಳನ್ನು ಒಂದು ಪಕ್ಕಕ್ಕೆ ಸರಿಸಿದಳು. "ಮೊದಲೆಲ್ಲ ಬುಟ್ಟಿ ತುಂಬ ಬರ್ತಿತ್ತು. ಈಗ ಅಪರೂಪ," ಎಂದಳು. ಅಪರೂಪವಾಗದೆ ಇನ್ನೇನು? ನಿಧಾನವಾಗಿ ಬೆಳೆಯುತ್ತವೆ, ಕೆಲವೇ ಮರಿ ಹಾಕುತ್ತವೆ, ಬಲೆ ಮಾತ್ರ ಎಲ್ಲರನ್ನೂ ಸಮಾನವಾಗಿ ಕಾಣುತ್ತದೆ. ಇವುಗಳ ಬಳಗದ ಕೆಲವನ್ನು ಹಿಡಿಯುವುದೇ ಈಗ ಕಾನೂನಿನ ಪ್ರಕಾರ ಅಪರಾಧ.

ಜಮಖಂಡಿಗೆ ಬಂದ ಮರುದಿನವೇ ಹಸನಸಾಬನನ್ನು ಕರೆದು ಹದಿನೇಳನೆಯ ಬರಣಿಯ ಮುಚ್ಚಳ ತೆಗೆಸಿದೆ. ಕಣ್ಣು ಉರಿಯಿತು. ಮೀನನ್ನು ತಟ್ಟೆಯಲ್ಲಿಟ್ಟು ಮಡಚಿದ ರೆಕ್ಕೆಗಳನ್ನು ಮೆಲ್ಲಗೆ ಬಿಡಿಸಿದೆವು. ಬಿಡಿಸಿದಷ್ಟೂ ಅದು ಅಗಲವಾಯಿತು. ಐದು ಜೊತೆ ಸೀಳು, ಕೆಳಗೆ.

ಹಸನಸಾಬ ಕೈ ಒರೆಸಿಕೊಳ್ಳುತ್ತ ಹೇಳಿದ: "ಆ ಬನಹಟ್ಟಿ ಹುಡುಗಿ ಅವತ್ತ ಹೇಳಿತ್ತಲ್ರಿ ಸರ."

"ನಿನಗೂ ಗೊತ್ತಿತ್ತೇನು?"

"ನಾ ವರ್ಷಾ ನೀರ ಬದಲಿ ಮಾಡಾಂವರಿ. ಹೊಟ್ಟಿ ನೋಡೇನಿ. ನನಗ ಯಾರು ಕೇಳ್ಯಾರ?"

ನಾನು ನೇರವಾಗಿ ನಾಡಗೌಡ ಸರ್ ಹತ್ತಿರ ಹೋದೆ. ಅವರು ಬಂದು ಮೀನನ್ನು ನೋಡಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿದರು. ಒಪ್ಪಿದರು ಎಂಬುದನ್ನು ಅವರ ಪರವಾಗಿ ಹೇಳಲೇಬೇಕು.

"ಖರೆ ಐತಿ ಬಿರಾದಾರ," ಎಂದರು. "ಆದರ ಚೀಟಿ ಬದಲಿ ಮಾಡಿದ್ರ ದಾಖಲೆ ಬದಲಿ ಮಾಡಬೇಕು. ದಾಖಲೆ ಬದಲಿ ಮಾಡಿದ್ರ ಇಷ್ಟು ವರ್ಷ ಏನ ಕಲಿಸಿದ್ರಿ ಅಂತ ಕೇಳತಾರ. ನಂದು ಇನ್ನ ನಾಕ ವರ್ಷ ಉಳದೈತಿ. ಅಲ್ಲೀತನಾ ಅದು ಶಾರ್ಕ ಇರಲಿ."

"ಆ ಹುಡುಗಿ ಸರ..." ಎಂದೆ.

"ಯಾವ ಹುಡುಗಿ?" ಎಂದರು. ನಿಜಕ್ಕೂ ನೆನಪಿರಲಿಲ್ಲ.

ನಾನು ಜಗಳವಾಡಿದೆ ಎಂದು ಬರೆಯಲು ಬಹಳ ಮನಸ್ಸಿದೆ. ಆಡಲಿಲ್ಲ. ರೆಕ್ಕೆ ಮತ್ತೆ ಮಡಚಿ ಮೀನನ್ನು ಒಳಗಿಟ್ಟೆವು. ಇನ್ನು ನಾಲ್ಕು ವರ್ಷ, ಗೊತ್ತಿದ್ದೂ ಗೊತ್ತಿದ್ದೂ, ಶಾರ್ಕ್ ಎಂದು ಬರೆದವರಿಗೆಲ್ಲ ಅಂಕ ಕೊಟ್ಟೆ. ಮೊದಲಿನ ಹದಿನಾಲ್ಕು ವರ್ಷದ್ದು ಅಜ್ಞಾನ. ಈ ನಾಲ್ಕು ವರ್ಷದ್ದಕ್ಕೆ ಏನೆನ್ನಬೇಕೋ ನೀವೇ ಗುಂಪು ಮಾಡಿಕೊಳ್ಳಿ.

ನಾಡಗೌಡ ಸರ್ ನಿವೃತ್ತರಾಗಿ ನಾನು ಮುಖ್ಯಸ್ಥನಾದ ದಿನವೇ ಹಳೆಯ ಚೀಟಿ ಕಿತ್ತು 'ರೈನೋಬ್ಯಾಟಸ್. ಗಿಟಾರ್ ಮೀನು' ಎಂದು ಶಾಸ್ತ್ರೀಯ ಹೆಸರಿನ ಸಮೇತ ನನ್ನ ಅಕ್ಷರದಲ್ಲಿ ಬರೆದು ಅಂಟಿಸಿದೆ. ಎದೆಯುಬ್ಬಿಸಿಕೊಂಡು ಓಡಾಡಿದೆ. ಆ ಹೊತ್ತಿಗೆ ವಿಜ್ಞಾನಿಗಳು ಗಿಟಾರ್ ಮೀನುಗಳ ಸಂಸಾರವನ್ನು ಪಾಲು ಮಾಡಿ, ನಮ್ಮ ಕರಾವಳಿಯ ಕೆಲವನ್ನು ಗ್ಲಾಕೋಸ್ಟೀಗಸ್ ಎಂಬ ಬೇರೆ ಮನೆಗೆ ಕಳಿಸಿದ್ದರು. ಅದು ನನಗೆ ಗೊತ್ತಾದದ್ದು ನಿವೃತ್ತಿಗೆ ಸ್ವಲ್ಪ ಮೊದಲು. ನಾನೂ ಮೀನಿನ ಮುಖ ನೋಡದೆ ಹಳೆಯ ಪುಸ್ತಕ ನೋಡಿ ಬರೆದಿದ್ದೆ.

ಅಷ್ಟರಲ್ಲಿ ಕಲಿಸುವ ವಿಧಾನವೂ ಬದಲಾಗಿತ್ತು. ಪ್ರಾಣಿಗಳನ್ನು ಕೊಯ್ಯುವುದು ನಿಂತಿತು, ಒಳ್ಳೆಯದೇ ಆಯಿತು. ಬದಲಿಗೆ ಪರದೆಯ ಮೇಲೆ ಚಿತ್ರ ಬಂತು. ಅಲ್ಲೂ ಮೀನು ಬೆನ್ನು ತೋರಿಸಿಕೊಂಡೇ ಮಲಗಿರುತ್ತದೆ.

ನಿವೃತ್ತನಾದ ಮೇಲೆ ಸಮಯ ಬಹಳ. ಇಷ್ಟು ವರ್ಷ ಸಮಯವಿಲ್ಲ ಎಂದು ತಪ್ಪಿಸಿಕೊಂಡ ಕೆಲಸಗಳು ಒಂದೊಂದಾಗಿ ಬಂದು ಎದುರು ಕೂರುತ್ತವೆ. ಒಂದು ಬೆಳಿಗ್ಗೆ ಬಸ್ಸು ಹತ್ತಿ ಬನಹಟ್ಟಿಗೆ ಹೋದೆ. ಕಸ್ತೂರಿಯ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಊರಿನಲ್ಲೇ ಮದುವೆಯಾಗಿ, ಗಂಡನ ಜೊತೆ ಮಗ್ಗದ ಶೆಡ್ ನಡೆಸುತ್ತಿದ್ದಳು. ವಿದ್ಯುತ್ ಮಗ್ಗಗಳ ಗದ್ದಲದ ನಡುವೆ ಒಂದು ಸೀರೆಯನ್ನು ಬೆಳಕಿಗೆ ಹಿಡಿದು ಎಳೆ ನೋಡುತ್ತಿದ್ದಳು. ಕೂದಲು ನರೆತಿತ್ತು. ನನ್ನನ್ನು ಕಂಡ ಕೂಡಲೇ ಗುರುತಿಸಿದಳು.

"ಬರ್ರಿ ಸರ. ಹೊರಗ ಕುಂದ್ರೂಣ, ಇಲ್ಲಿ ಏನೂ ಕೇಳಸಂಗಿಲ್ಲ."

ಚಹಾ ಬಂತು. ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಮರೆತುಹೋಯಿತು. "ಕಸ್ತೂರಿ, ಅದು ಶಾರ್ಕ್ ಅಲ್ಲವಾ. ನೀ ಬರದದ್ದು ಖರೆ ಇತ್ತು," ಎಂದೆ.

"ನನಗ ಗೊತ್ತೈತ್ರಿ," ಎಂದಳು.

ಮಲ್ಪೆಯ ಕಥೆ ಹೇಳಿದೆ, ನಾಲ್ಕು ವರ್ಷದ್ದನ್ನೂ ಹೇಳಿದೆ. ಸೊನ್ನೆ ಕೊಟ್ಟದ್ದಕ್ಕೆ ಕ್ಷಮಿಸು ಎಂದೆ. ಅವಳು ಲೋಟ ಕೆಳಗಿಟ್ಟಳು.

"ಸೊನ್ನಿ ಕೊಟ್ಟದ್ದಕ್ಕ ನನಗ ಸಿಟ್ಟಿರಲಿಲ್ರಿ ಸರ. ನಿಮಗ ತಿಳದಿಲ್ಲ ಅಂತ ಮನಿಗೆ ಹೋಗಿ ಅತ್ತೆ, ಮುಗೀತು. ಮರುವರ್ಷ ಸುಳ್ಳ ಬರದೆ. ಬರಿಯೂಮುಂದ, ಇವರು ನೋಡಿ ಒಂದ ಮಾತರೆ ಕೇಳತಾರ, ಯಾಕವಾ ಕಸ್ತೂರಿ ಮಾತ ಬದಲಿ ಮಾಡಿದಿ ಅಂತಾರ ಅನಕೊಂಡಿದ್ದೆ. ನೀವು ಪೂರ್ತಿ ಮಾರ್ಕ್ಸ್ ಕೊಟ್ರಿ. ಅದಕ್ಕರಿ ಸಿಟ್ಟು. ಇವತ್ತಿಗೂ ಐತಿ."

ಮೂವತ್ತೊಂದು ವರ್ಷ ಮಾತಾಡಿ ಸಂಬಳ ತೆಗೆದುಕೊಂಡ ನಾನು ಖಾಲಿ ಲೋಟವನ್ನೇ ಇನ್ನೊಮ್ಮೆ ಕುಡಿದೆ.

ಅವಳೇ ಕೇಳಿದಳು: "ಮರಿ ಇದ್ವು ಅಂದ್ರಲ್ರಿ, ಎಷ್ಟಿದ್ವು?"

"ಎಣಸಲಿಲ್ಲ."

"ಅಷ್ಟು ದೂರ ಹೋಗಿ ಎಣಸಲಿಲ್ರಿ?" ಎಂದಳು. ಮೌಖಿಕ ಪರೀಕ್ಷೆಯಲ್ಲಿ ನಪಾಸಾಗುವುದು ಹೇಗಿರುತ್ತದೆ ಎಂದು ಆಗ ಗೊತ್ತಾಯಿತು. "ಈಗ ಆ ಮೀನ ಎಲ್ಲೈತಿ? ನಾ ನೋಡಬೇಕು. ಜಾರ್‌ನಾಗ ಅಲ್ಲರಿ, ಹೊರಗ ತಗದು."

ಮುಂದಿನ ಸೋಮವಾರ ಅವಳು ಮಗ್ಗಕ್ಕೆ ರಜೆ ಹಾಕಿಸಿ ಜಮಖಂಡಿಗೆ ಬಂದಳು. ಈಗಿನ ಮುಖ್ಯಸ್ಥರು ನನ್ನ ಹಳೆಯ ವಿದ್ಯಾರ್ಥಿ. ಒಂದು ಅರ್ಜಿ ಬರೆಸಿಕೊಂಡು ಬರಣಿ ಕೊಟ್ಟರು. ಕಸ್ತೂರಿ ಕೈಗವಸು ಹಾಕಿಕೊಂಡು ಮೀನನ್ನು ತಟ್ಟೆಗೆ ತೆಗೆದಳು, ರೆಕ್ಕೆ ಬಿಡಿಸಿದಳು, ಮಗುಚಿದಳು. ಸೀಳುಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ಎಣಿಸಿದಳು. ಐದು. ಇನ್ನೊಂದು ಕಡೆಯೂ ಐದು. ಆಮೇಲೆ ನನ್ನ ಚೀಟಿ ಓದಿದಳು.

"ರೈನೋಬ್ಯಾಟಸ್ ಅನ್ನೋದು ಖಾತ್ರಿ ಏನ್ರಿ ಸರ?"

"ಖಾತ್ರಿ ಇಲ್ಲವಾ," ಎಂದೆ. ವಿದ್ಯಾರ್ಥಿಯೊಬ್ಬಳಿಗೆ ಈ ಮಾತು ಹೇಳಿದ್ದು ಅದೇ ಮೊದಲು.

ಹೊಸ ಪುಸ್ತಕ ತರಿಸಿಕೊಂಡು ಇಬ್ಬರೂ ಕುಳಿತೆವು. ಬೆನ್ನಿನ ಮೊದಲ ರೆಕ್ಕೆ ಎಲ್ಲಿ ಶುರುವಾಗುತ್ತದೆ ಎಂದು ಅವಳು ನೋಡಿದಳು. ಸೊಂಟದ ರೆಕ್ಕೆಗಿಂತ ಬಹಳ ಹಿಂದೆ. ಬಾಲದ ರೆಕ್ಕೆಗೆ ಕೆಳಗಿನ ಕವಲಿಲ್ಲ. ಅಷ್ಟರಿಂದ ಹೀಗೇ ಕಾಣುವ ಇನ್ನೊಂದು ಮನೆತನವನ್ನು ಬಿಟ್ಟುಹಾಕಿದೆವು. ಉಳಿದ ಎರಡನ್ನು, ಅಂದರೆ ರೈನೋಬ್ಯಾಟಸ್ ಮತ್ತು ಗ್ಲಾಕೋಸ್ಟೀಗಸ್‌ಗಳನ್ನು, ಬೇರೆ ಮಾಡಲು ಮೂಗಿನ ಹೊಳ್ಳೆಯ ಪರದೆ ಮತ್ತು ಮೂತಿಯ ಏಣು ನೋಡಬೇಕಿತ್ತು. ಮೂತಿಯ ತುದಿ ಮುರಿದಿತ್ತು. ಹೊಳ್ಳೆಗಳು ಇಷ್ಟು ವರ್ಷ ಬರಣಿಯ ತಳಕ್ಕೆ ಒತ್ತಿ ಸವೆದಿದ್ದವು. ಮಧ್ಯಾಹ್ನ ದಾಟಿತು, ಊಟ ಮರೆತುಹೋಯಿತು. ಎಷ್ಟು ನೋಡಿದರೂ ತೀರ್ಮಾನವಾಗಲಿಲ್ಲ. ನನಗೆ ನೆನಪಿರುವ ಮಟ್ಟಿಗೆ, ನಾನು ಆ ಕೋಣೆಯಲ್ಲಿ ಪ್ರಾಣಿಶಾಸ್ತ್ರ ಮಾಡಿದ್ದು ಅದೊಂದೇ ದಿನ.

ಕೊನೆಗೆ ಅವಳು ಹೊಸ ಚೀಟಿ ಬರೆದಳು. ಎರಡೂ ಹೆಸರು, ಮುಂದೆ ಪ್ರಶ್ನಾರ್ಥಕ ಚಿಹ್ನೆ. ಹೊಟ್ಟೆ ನಮ್ಮ ಕಡೆ ಬರುವಂತೆ ಮೀನನ್ನು ಒಳಗಿಟ್ಟು, ಚೀಟಿಯನ್ನು ತಾನೇ ಅಂಟಿಸಿದಳು.

ಈ ವರ್ಷದ ಪ್ರಾಯೋಗಿಕ ಪರೀಕ್ಷೆಯ ಹೊತ್ತಿಗೆ ಮುಖ್ಯಸ್ಥರು ನನಗೆ ಫೋನ್ ಮಾಡಿದರು. ಬಹಳ ಸಂಕೋಚದಿಂದ ಹೇಳಿದರು: ಉತ್ತರ ಖಾತ್ರಿ ಇಲ್ಲದ ನಮೂನೆಯನ್ನು ಪರೀಕ್ಷೆಗೆ ಇಡಲು ನಿಯಮದಲ್ಲಿ ಅವಕಾಶವಿಲ್ಲವಂತೆ. ಹದಿನೇಳನೆಯ ಬರಣಿಯನ್ನು ಪಟ್ಟಿಯಿಂದ ತೆಗೆದುಹಾಕಿದ್ದಾರೆ. ಸುಳ್ಳು ಹೆಸರಿನಲ್ಲಿ ಅಷ್ಟು ವರ್ಷ ಪರೀಕ್ಷೆಗೆ ನಿಂತ ಮೀನು, ಸರಿಯಾದ ಚೀಟಿ ಬಂದ ಮೊದಲ ವರ್ಷವೇ ಅನರ್ಹವಾಯಿತು.

ಬೇಸರದಲ್ಲಿ ಕಸ್ತೂರಿಗೆ ತಿಳಿಸಿದೆ. ಮಗ್ಗದ ಸದ್ದಿನಲ್ಲಿ ಮೊದಲು ಕೇಳಿಸಲಿಲ್ಲ. ಹೊರಗೆ ಬಂದು ಇನ್ನೊಮ್ಮೆ ಹೇಳಿ ಎಂದಳು. ಹೇಳಿದೆ. ಫೋನಿನಲ್ಲಿ ಅವಳು ನಕ್ಕದ್ದು ಕೇಳಿಸಿತು. ಅವಳು ನಕ್ಕದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಹೋಗಲಿ ಬಿಡ್ರಿ ಸರ," ಎಂದಳು. "ಆ ಮೀನರೆ ಪಾರಾತು."